ಕಿಳ್ಳೇಕ್ಯಾತನಿಗೆ ಯಾವ ಅಲ್ಗಾರಿದಮ್ ಇತ್ತು?



ಈ ಸಲ ನಾನು ಬರೆಯಹೊರಟಿರುವುದು ಕಾರ್ಟೂನಿನ ಬಗ್ಗೆ. ಸಂಧಿ ಸಮಾಸ ಕಲಿಸುತ್ತಿದ್ದ ಮಾಸ್ತರರಿಗೆ ಈ ವಯಸ್ಸಿನಲ್ಲಿ ಕಾರ್ಟೂನಿನ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಾದರೂ ನಗುವಿರಿ. ನಗಬಹುದು, ಈ ಬರಹದ ವಿಷಯವೂ ನಗೆಯೇ ಆಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೀದರದ ಆಡುಮಾತಿನಲ್ಲಿ, ಬೀದರದವರೇ ಬರೆದು ಚಿತ್ರಿಸಿದ, ಯಾರದೊಂದರ ನಕಲೂ ಅಲ್ಲದ ಒಂದು ಹಾಸ್ಯ ಅನಿಮೇಶನ್ ಮಾಲಿಕೆ ಹುಟ್ಟಬೇಕು. ಅದರ ಅಳಿವು ಉಳಿವು ಯೂಟ್ಯೂಬಿನ ಅಲ್ಗಾರಿದಮ್ಮಿಗಿಂತ ಹೆಚ್ಚಾಗಿ ಅದರ ಮೊದಲ ಸಾವಿರ ನೋಡುಗರ, ಅಂದರೆ ನಮ್ಮ ನಿಮ್ಮಂಥವರ ಕೈಯಲ್ಲಿದೆ.

ಇದು ಬರಿಯ ಹಾರೈಕೆಯಲ್ಲ. ಔರಾದ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷ ಬೆಂಗಳೂರಿನಲ್ಲಿ ಹೊರದೇಶದ ಕಾರ್ಟೂನುಗಳ ಪಾತ್ರಗಳಿಗೆ ಕೈಕಾಲು ಆಡಿಸುವ ಕೆಲಸ ಮಾಡಿ, ತಂದೆಯ ಹೊಲ ನೋಡಿಕೊಳ್ಳಲು ಊರಿಗೆ ಮರಳಿದ್ದಾನೆ. ರಾತ್ರಿಯ ಹೊತ್ತು ತನ್ನದೇ ಪಾತ್ರಗಳನ್ನು ಬರೆಯುತ್ತಾನೆ. ಒಂದು ಕಿರಾಣಿ ಅಂಗಡಿ, ಅದರ ಮಾಲೀಕ, ಉದ್ರಿ ಕೇಳುವ ಗಿರಾಕಿಗಳು, ಮೂರು ಭಾಷೆಯಲ್ಲಿ ಜಗಳವಾಡುವ ಒಬ್ಬ ಅಜ್ಜಿ. ಅವನ ಬಂಡವಾಳ ಇಷ್ಟೇ. "ಸರ್, ನಮ್ಮ ಮಾತಿನ್ಯಾಗ ಮಾಡಿದ್ರ ಯಾರ್ ನೋಡ್ತಾರ್ರಿ? ಆ ಮಷೀನ್ ನಮ್ಮನ್ನ ಯಾರಿಗೂ ತೋರ್ಸಂಗೇ ಇಲ್ಲಂತಾರ" ಎಂದು ಆತ ಕೇಳಿದ. ಅವನಿಗೆ ಫೋನಿನಲ್ಲಿ ಹೇಳಲಾಗದಷ್ಟು ಉದ್ದದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು: ಪರದೆಯ ಮೇಲೆ ಚಿತ್ರಗಳನ್ನು ಆಡಿಸಿ ನಗಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ಬಳ್ಳಾರಿ, ಕೊಪ್ಪಳದ ಕಡೆಯ ತೊಗಲುಗೊಂಬೆಯಾಟವನ್ನು ನೆನೆಯಿರಿ. ಹದಮಾಡಿದ ಚರ್ಮವನ್ನು ಕತ್ತರಿಸಿ, ಬಣ್ಣ ಹಚ್ಚಿ, ಕೈಕಾಲುಗಳನ್ನು ಬೇರೆ ಬೇರೆ ಮಾಡಿ ದಾರದಿಂದ ಜೋಡಿಸಿ, ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಕಲೆ ಅದು. ಕಥೆ ರಾಮಾಯಣದ್ದೋ ಮಹಾಭಾರತದ್ದೋ ಇರುತ್ತದೆ. ಆದರೆ ನಡುನಡುವೆ ಬಂದು ಜನರನ್ನು ನಗಿಸುವವರು ವಿದೂಷಕ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ರಾಮ ರಾವಣರು ಗ್ರಂಥದ ಕನ್ನಡದಲ್ಲಿ ಮಾತನಾಡಿದರೆ ಈ ಗಂಡ ಹೆಂಡಿರು ಊರಿನ ಮಾತಿನಲ್ಲಿ ಜಗಳವಾಡುತ್ತಾರೆ. ಮಹಾಕಾವ್ಯ ಎಲ್ಲರಿಗೂ ಗೊತ್ತಿದ್ದದ್ದು, ನಗೆ ಮಾತ್ರ ಆ ರಾತ್ರಿಗೆ, ಆ ಊರಿಗೆ ಹೊಸದಾಗಿ ಹುಟ್ಟಿದ್ದು. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಗೊಂಬೆಗಳಿಂದ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿದರು. 2023ರಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಆ ಆಟಕ್ಕೆ ಜನರನ್ನು ಕೂಡಿಸುತ್ತಿದ್ದವರು ಯಾರು? ಮಳೆ ಬರಲೆಂದು ಊರವರೇ ಆಟ ಕಟ್ಟಿಸುತ್ತಿದ್ದರು. ಮೇಳದವರಿಗೆ ಇಳಿದುಕೊಳ್ಳಲು ಜಾಗ, ಕಾಳುಕಡಿ ಕೊಡುತ್ತಿದ್ದರು. ಕಿಳ್ಳೇಕ್ಯಾತ ಅಟ್ಟದ ಹಿಂದಿನಿಂದಲೇ ನಗುವಿನ ಸದ್ದು ಕೇಳಿ ಯಾವ ಮಾತು ಹತ್ತಿತು, ಯಾವುದು ಬಿತ್ತು ಎಂದು ತಿಳಿದುಕೊಳ್ಳುತ್ತಿದ್ದ. ಅಳತೆಗೋಲು ಅಲ್ಲಿಯೂ ಇತ್ತೆನ್ನಿ. ಆದರೆ ಅಳೆಯುವವರು ಆ ನಗೆಯ ಅರ್ಥ ಬಲ್ಲವರಾಗಿದ್ದರು.

ಇಂದಿನ ಅಳತೆಗೋಲು ಬೇರೆ ಬಗೆಯದು. ಅಲ್ಗಾರಿದಮ್ ಎಂದರೆ ಮಂತ್ರವೇನಲ್ಲ. ಯಾರಿಗೆ ಯಾವ ವಿಡಿಯೋ ತೋರಿಸಬೇಕೆಂದು ಲೆಕ್ಕ ಹಾಕುವ ಕ್ರಮ. 2012ರಲ್ಲಿ ಯೂಟ್ಯೂಬ್ ತನ್ನ ಲೆಕ್ಕವನ್ನು ಬದಲಿಸಿತು. ಎಷ್ಟು ಜನ ವಿಡಿಯೋ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ತೂಕ ಹೆಚ್ಚಾಯಿತು. ಮೇಲುನೋಟಕ್ಕೆ ಇದು ನ್ಯಾಯವೇ. ಆದರೆ ಒಬ್ಬಂಟಿಯಾಗಿ ಚಿತ್ರ ಬರೆಯುವವನಿಗೆ ಇದು ಕಠಿಣವಾಯಿತು. ಏಕೆಂದು ಲೆಕ್ಕ ಮಾಡಿ ನೋಡೋಣ. ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿಕೊಂಡರೂ ಸೆಕೆಂಡಿಗೆ 12 ಚಿತ್ರ ಬೇಕು. ನಿಮಿಷಕ್ಕೆ 720, ಹತ್ತು ನಿಮಿಷದ ಒಂದು ಕಂತಿಗೆ 7,200 ಚಿತ್ರಗಳು. ಕ್ಯಾಮೆರಾದ ಮುಂದೆ ಕುಳಿತು ಹರಟುವವನು ದಿನಕ್ಕೊಂದು ಗಂಟೆಯ ವಿಡಿಯೋ ಹಾಕಬಲ್ಲ. ಚಿತ್ರಗಾರನಿಗೆ ಹತ್ತು ನಿಮಿಷಕ್ಕೆ ತಿಂಗಳುಗಳೇ ಬೇಕು. ಇಬ್ಬರೂ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳಬೇಕು.

2018ರಲ್ಲಿ ಇನ್ನೊಂದು ಮೆಟ್ಟಿಲು ಎತ್ತರವಾಯಿತು. ಜಾಹೀರಾತಿನ ಹಣದಲ್ಲಿ ಪಾಲು ಬೇಕಾದರೆ 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕೆಂಬ ನಿಯಮ ಬಂದಿತು. ಹತ್ತು ನಿಮಿಷದ ಕಂತನ್ನು ಒಬ್ಬರು ಪೂರ್ತಿಯಾಗಿ ನೋಡಿದರೆ ಒಂದು ಗಂಟೆಯ ಆರನೆಯ ಒಂದು ಭಾಗ. ಅಂದರೆ ವರ್ಷಕ್ಕೆ ಒಂದೇ ಕಂತು ಮಾಡುವವನ ವಿಡಿಯೋವನ್ನು 24,000 ಸಲ ಕೊನೆಯವರೆಗೆ ನೋಡಿರಬೇಕು. ಮಕ್ಕಳ ಮಾಹಿತಿ ಕಲೆಹಾಕಿದ ಪ್ರಕರಣದಲ್ಲಿ 2019ರಲ್ಲಿ ಅಮೆರಿಕದಲ್ಲಿ ಗೂಗಲ್ 17 ಕೋಟಿ ಡಾಲರ್ ತೆರಬೇಕಾಯಿತು. ಆ ಬಳಿಕ 2020ರ ಜನವರಿಯಿಂದ ಮಕ್ಕಳಿಗಾಗಿ ಮಾಡಿದ ವಿಡಿಯೋಗಳಿಗೆ ವ್ಯಕ್ತಿಗೆ ತಕ್ಕ ಜಾಹೀರಾತು ನಿಂತಿತು, ಪ್ರತಿಕ್ರಿಯೆ ಬರೆಯುವ ಸೌಲಭ್ಯ ಮುಚ್ಚಿತು. ಮಕ್ಕಳ ರಕ್ಷಣೆಗೆ ಇದು ಸರಿಯಾದ ಕ್ರಮವೇ. ಆದರೆ ಕಾರ್ಟೂನ್ ಎಂದರೆ ಮಕ್ಕಳದು ಎಂದು ಯಂತ್ರವೂ ಮನುಷ್ಯರೂ ಭಾವಿಸುವ ಕಡೆ, ಉದ್ರಿ ಲೆಕ್ಕದ ಮೇಲೆ ಜಗಳವಾಡುವ ಅಜ್ಜಿಯ ಕಥೆ ಯಾವ ಗುಂಪಿಗೆ ಸೇರಬೇಕು? ಅದು ನಲವತ್ತು ದಾಟಿದವರು ನಗಬೇಕಾದ ಕಥೆ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಈ ಲೆಕ್ಕ ಹಿಂದಿನದನ್ನು ನೋಡಿ ಮುಂದಿನದನ್ನು ತೋರಿಸುತ್ತದೆ. ನೀವು ನಿನ್ನೆ ನೋಡಿದ್ದಕ್ಕೆ ಹೋಲುವುದು ಇಂದು ನಿಮ್ಮ ಮುಂದೆ ಬರುತ್ತದೆ. ನಕಲಿಗೆ ಇದರಿಂದ ದಾರಿ ಸಲೀಸು. ಹಿಂದೆಂದೂ ಇಲ್ಲದಿದ್ದದ್ದಕ್ಕೆ ಹೋಲಿಕೆಯೇ ಇಲ್ಲ. ಪುರಾಣದ ಕಥೆಗೆ ಈ ಕಷ್ಟ ಕಡಿಮೆ. ಅಶ್ವಿನ್ ಕುಮಾರ್ ನಿರ್ದೇಶಿಸಿ, ನಮ್ಮ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ 'ಮಹಾವತಾರ ನರಸಿಂಹ' 2025ರ ಜುಲೈಯಲ್ಲಿ ತೆರೆಗೆ ಬಂದು ದೇಶಾದ್ಯಂತ ಗೆದ್ದಿತು. ಒಳ್ಳೆಯದೇ ಆಯಿತು, ಅನಿಮೇಶನ್ ಚಿತ್ರಕ್ಕೂ ಜನ ಟಿಕೆಟ್ ಕೊಳ್ಳುತ್ತಾರೆಂದು ಅದು ತೋರಿಸಿಕೊಟ್ಟಿತು. ಆದರೆ ಪ್ರಹ್ಲಾದನ ಕಥೆಯನ್ನು ಯಾರಿಗೂ ಪರಿಚಯಿಸಬೇಕಾಗಿರಲಿಲ್ಲ. ನಮ್ಮ ಗೋವಿನ ಹಾಡಿನ ಪುಣ್ಯಕೋಟಿಯನ್ನು ಬೆಂಗಳೂರಿನ ರವಿಶಂಕರ್ ವಿ. ಅವರು ಸಾರ್ವಜನಿಕರಿಂದ ಹಣ ಕೂಡಿಸಿ ಸಂಸ್ಕೃತದ ಅನಿಮೇಶನ್ ಚಿತ್ರವನ್ನಾಗಿ ಮಾಡಿದರು. ಅದು 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿತು. ಅವರ ಛಲಕ್ಕೆ ನನ್ನ ನಮಸ್ಕಾರ. ಅಲ್ಲಿಯೂ ಹಸು ಮತ್ತು ಹುಲಿ ನಮಗೆ ಮೂರನೆಯ ವಯಸ್ಸಿನಿಂದ ಗೊತ್ತಿದ್ದವರು. ಔರಾದಿನ ಕಿರಾಣಿ ಅಂಗಡಿಯವನನ್ನು ಯಾರಿಗೂ ಗೊತ್ತಿಲ್ಲ.

ಈಗ ಎದುರು ಪಕ್ಷದ ಮಾತನ್ನೂ ಕೇಳಬೇಕು. ಯೂಟ್ಯೂಬ್ ಇಲ್ಲದಿದ್ದರೆ ಔರಾದಿನ ಈ ಹುಡುಗನಿಗೆ ಯಾವ ಟಿವಿ ವಾಹಿನಿ ಬಾಗಿಲು ತೆರೆಯುತ್ತಿತ್ತು? ನನಗೆ ತಿಳಿದಂತೆ ಯಾವುದೂ ಇಲ್ಲ. ಕನ್ನಡದ ಮಕ್ಕಳಿಗೆಂದು ಚಿಂಟು ಟಿವಿ ಬಂದದ್ದೇ 2009ರಲ್ಲಿ. ಅದರಲ್ಲಿಯೂ ಬೇರೆ ಭಾಷೆಯಿಂದ ಡಬ್ ಆದ ಕಾರ್ಟೂನುಗಳೇ ಹೆಚ್ಚು. ನಮ್ಮಿಂದ ನೂರೈವತ್ತು ಕಿಲೋಮೀಟರಿನಷ್ಟು ದೂರದ ಹೈದರಾಬಾದಿನಲ್ಲಿ ರಾಜೀವ್ ಚಿಲಕ ಅವರ ಗ್ರೀನ್ ಗೋಲ್ಡ್ ಸಂಸ್ಥೆ ಹುಟ್ಟುಹಾಕಿದ 'ಛೋಟಾ ಭೀಮ್' 2008ರಲ್ಲಿ ಟಿವಿಗೆ ಬಂದಿತು. ಬೀದರದ ಮಕ್ಕಳು ಲಡ್ಡು ಕೇಳುವುದನ್ನೂ ಹಿಂದಿಯಲ್ಲೇ ಕಲಿತರು. ಹೊರದೇಶದಲ್ಲಿ ಯೂಟ್ಯೂಬಿನಿಂದಲೇ ಎದ್ದು ನಿಂತವರೂ ಇದ್ದಾರೆ. ಅಮೆರಿಕದ ವಿವಿಯನ್ ಮೆಡ್ರಾನೊ ಅವರು ಅಭಿಮಾನಿಗಳ ತಿಂಗಳ ದೇಣಿಗೆಯಿಂದ 'ಹ್ಯಾಜ್‌ಬಿನ್ ಹೋಟೆಲ್' ಎಂಬ ಹಾಸ್ಯ ಅನಿಮೇಶನ್ನಿನ ಮೊದಲ ಕಂತನ್ನು ಮಾಡಿ 2019ರಲ್ಲಿ ಯೂಟ್ಯೂಬಿಗೆ ಹಾಕಿದರು. 2024ರಲ್ಲಿ ಅದು ಅಮೆಜಾನ್ ಪ್ರೈಮಿನಲ್ಲಿ ಪೂರ್ಣ ಮಾಲಿಕೆಯಾಗಿ ಬಂದಿತು. ಆಸ್ಟ್ರೇಲಿಯಾದ ಗ್ಲಿಚ್ ಎಂಬ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ 'ದಿ ಅಮೇಜಿಂಗ್ ಡಿಜಿಟಲ್ ಸರ್ಕಸ್' ಕಂತನ್ನು ಕೋಟಿಗಟ್ಟಲೆ ಜನ ನೋಡಿದರು.

ಆದ್ದರಿಂದ ಯಂತ್ರವನ್ನು ರಾಕ್ಷಸನನ್ನಾಗಿ ಮಾಡುವವರ ಗುಂಪಿಗೆ ನಾನು ಸೇರುವುದಿಲ್ಲ. ಆದರೆ ಈ ಎರಡೂ ಗೆಲುವುಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೆಡ್ರಾನೊ ಅವರಿಗೆ ಮೊದಲ ಕಂತಿಗೆ ಮುಂಚೆಯೇ ವರ್ಷಗಟ್ಟಲೆ ಚಿತ್ರ ಬರೆದು ಗಳಿಸಿದ ಅಭಿಮಾನಿಗಳಿದ್ದರು. ಗ್ಲಿಚ್ ಸಂಸ್ಥೆ ಹೊಸ ಕಥೆಗೆ ಕೈಹಾಕುವ ಮೊದಲೇ ಬೇರೆ ಮಾಲಿಕೆಗಳಿಂದ ನೋಡುಗರನ್ನು ಕೂಡಿಸಿಕೊಂಡಿತ್ತು, ಪಾತ್ರಗಳ ಗೊಂಬೆ ಅಂಗಿಗಳನ್ನು ಮಾರಿ ಖರ್ಚು ಹುಟ್ಟಿಸಿಕೊಳ್ಳುತ್ತಿತ್ತು. ಮೊದಲು ನಂಬಿದ ಮನುಷ್ಯರು ಬಂದರು, ಯಂತ್ರ ಆಮೇಲೆ ಅವರನ್ನು ಎಣಿಸಿ ಇನ್ನಷ್ಟು ಜನರಿಗೆ ತೋರಿಸಿತು.

ಈ ಕ್ರಮ ಯಂತ್ರಕ್ಕಿಂತ ಹಳೆಯದು. 1995ರಲ್ಲಿ ಅಮೆರಿಕದ ಟಿವಿ ಅಧಿಕಾರಿಯೊಬ್ಬರು ಸ್ನೇಹಿತರಿಗೆ ಕ್ರಿಸ್‌ಮಸ್ ಶುಭಾಶಯವಾಗಿ ಕಳುಹಿಸಲು ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಎಂಬ ಇಬ್ಬರು ಯುವಕರಿಂದ ಒಂದು ಪುಟ್ಟ ಕಾರ್ಟೂನ್ ಮಾಡಿಸಿದರು. ಆ ಟೇಪು ನಕಲಾಗಿ ಕೈಯಿಂದ ಕೈಗೆ ಹರಿದಾಡಿತು. 1997ರಲ್ಲಿ ಅದೇ ಪಾತ್ರಗಳು 'ಸೌತ್ ಪಾರ್ಕ್' ಎಂಬ ಮಾಲಿಕೆಯಾದವು. ಅದರ ಮಾತುಗಳು ನಮ್ಮ ಮನೆಗಳಲ್ಲಿ ಆಡುವಂಥವಲ್ಲ, ಅದು ಬೇರೆ ವಿಷಯ. ನಾನು ಗಮನಿಸಿದ್ದು ಮೊದಲ ಕಂತಿನ ಚಿತ್ರಗಳನ್ನು. ಬಣ್ಣದ ಕಾಗದ ಕತ್ತರಿಸಿ ಕೈಕಾಲು ಸರಿಸಿದ ಗೊಂಬೆಗಳವು. ನಮ್ಮ ತೊಗಲುಗೊಂಬೆಗಳ ದೂರದ ಬಂಧುಗಳೆನ್ನಬಹುದು. ನಮ್ಮಲ್ಲಿಯೂ ಬೀಚಿಯವರ ನಗೆಯನ್ನು ಊರೂರಿಗೆ ಹೊತ್ತ ಗಂಗಾವತಿ ಪ್ರಾಣೇಶರ ಮಾತುಗಳು ಮೊದಲು ಹರಡಿದ್ದು ಸಭೆಗಳಿಂದ, ಕ್ಯಾಸೆಟ್ಟು ಸಿ.ಡಿ.ಗಳಿಂದ. ಯೂಟ್ಯೂಬ್ ಅವರನ್ನು ಹುಟ್ಟಿಸಲಿಲ್ಲ, ಹುಟ್ಟಿದ್ದನ್ನು ಹಬ್ಬಿಸಿತು.

ಇನ್ನು ಭಾಷೆಯ ಮಾತು. ನನಗೆ ಇಲ್ಲಿಯೇ ಆತಂಕ ಹೆಚ್ಚು. 1956ರಲ್ಲಿ ಹಳೆಯ ಬೀದರ ಜಿಲ್ಲೆಯ ತಾಲ್ಲೂಕುಗಳು ಮೂರು ರಾಜ್ಯಗಳಿಗೆ ಹಂಚಿಹೋದವು. ಉದಗೀರ, ನಿಲಂಗಾ ಅತ್ತ ಹೋದವು, ಜಹೀರಾಬಾದ್, ನಾರಾಯಣಖೇಡ ಇತ್ತ ಹೋದವು. ಗಡಿ ಬಿದ್ದರೂ ನಾಲಗೆಯ ಮೇಲೆ ಎಲ್ಲವೂ ಕೂಡಿಯೇ ಉಳಿದವು. ನನ್ನ ವಿದ್ಯಾರ್ಥಿಯ ಅಜ್ಜಿ ಗಿರಾಕಿಗೆ ಹೇಳುತ್ತಾಳೆ: "ಪೈಲೆ ಉದ್ರಿ ಚುಕ್ತಾ ಮಾಡು, ಮಗ ಬೆಲ್ಲ ಒಯ್ಯಿ." ಇಲ್ಲಿ 'ಮಗ' ಎಂಬುದು ಮರಾಠಿಯ ಮಾತು, 'ಆಮೇಲೆ' ಎಂದರ್ಥ. ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಅಜ್ಜಿ ತನ್ನನ್ನು ಮಗನೆಂದಳೆಂದು ಸಂತೋಷವಾಗುತ್ತದೆ, ಬೆಲ್ಲ ಎತ್ತಿಕೊಂಡು ಹೊರಡುತ್ತಾನೆ. ಆಮೇಲೆ ನಡೆಯುವ ಗದ್ದಲವೇ ಮೊದಲ ಕಂತು. ಈ ನಗೆ ಬೇರೆ ಯಾವ ಊರಿನಲ್ಲಿಯೂ ಹುಟ್ಟಲಾರದು. ಸಿನಿಮಾದವರು ನಮ್ಮ ಮಾತನ್ನು ಬಹುಕಾಲ ಪೆದ್ದನ ಬಾಯಲ್ಲೋ ರೌಡಿಯ ಬಾಯಲ್ಲೋ ಇಟ್ಟರು. ನಾವು ನಗೆಗೆ ಈಡಾದೆವು. ಇಲ್ಲಿ ಪೆಚ್ಚಾಗುವವನು ನಮ್ಮ ಮಾತು ತಿಳಿಯದವನು, ನಗಿಸುವವರು ನಾವು. ಮಗುವೊಂದು ತನ್ನ ಅಜ್ಜಿಯ ಮಾತು ಪರದೆಯ ಮೇಲೆ ಗೌರವದಿಂದ, ಚುರುಕಿನಿಂದ ಕೇಳಿಬಂದದ್ದನ್ನು ನೋಡಿದರೆ ಆ ಮಾತನ್ನಾಡಲು ನಾಚುವುದಿಲ್ಲ. ತರಗತಿಯಲ್ಲಿ ಮನೆಯ ಮಾತು ಬಾಯಿಗೆ ಬಂದೊಡನೆ ತುಟಿ ಕಚ್ಚಿಕೊಳ್ಳುತ್ತಿದ್ದ ಎಷ್ಟೋ ಮಕ್ಕಳನ್ನು ನಾನು ನೋಡಿದ್ದೇನೆ. ನಿಮ್ಮಲ್ಲಿ ಕೆಲವರು ಆ ಮಕ್ಕಳೇ.

ಆದರೆ ಅಪ್‌ಲೋಡ್ ಮಾಡುವಾಗ ಯಂತ್ರ ಕೇಳುವುದು ಒಂದೇ ಪ್ರಶ್ನೆ: ಭಾಷೆ ಯಾವುದು? ಕನ್ನಡವೆಂದರೆ ಬೆಂಗಳೂರಿನ ನೋಡುಗನಿಗೆ ಅರ್ಧ ತಿಳಿಯದೆ ಮುಂದಕ್ಕೆ ಸರಿಸಿಬಿಡುತ್ತಾನೆ. ಹತ್ತು ಜನ ಹಾಗೆ ಸರಿಸಿದರೆ ಹನ್ನೊಂದನೆಯವನಿಗೆ, ಆತ ಭಾಲ್ಕಿಯವನೇ ಆಗಿದ್ದರೂ, ಅದನ್ನು ತೋರಿಸುವ ಉತ್ಸಾಹ ಯಂತ್ರಕ್ಕೆ ಉಳಿಯುವುದಿಲ್ಲ.

ಇದಕ್ಕೆ ಉಪಾಯವನ್ನು ನಮ್ಮ ಭಾಲ್ಕಿಯೇ ಹೇಳಿಕೊಟ್ಟಿದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ನಿಮಗೆಲ್ಲ ತರಗತಿಯಲ್ಲಿ ಹೇಳಿದ್ದೇನೆ. ಫಲಕ ಆಳುವವನ ಕಣ್ಣಿಗೆ, ಪಾಠ ನಮ್ಮ ಮಕ್ಕಳಿಗೆ. ಇಂದಿನ ಚಿತ್ರಗಾರನೂ ಇದನ್ನೇ ಮಾಡಬಹುದು. ವಿಡಿಯೋದ ಹೆಸರು, ಮುಖಚಿತ್ರ, ಕೆಳಗೆ ಬರುವ ಅಕ್ಷರಾನುವಾದ, ನಡುವಿನಿಂದ ಕತ್ತರಿಸಿದ ಅರ್ಧ ನಿಮಿಷದ ತುಣುಕುಗಳು, ಇವೆಲ್ಲ ಹೊರಗಿನ ಫಲಕ. ಅದನ್ನು ಯಂತ್ರಕ್ಕೆ ಒಪ್ಪುವಂತೆ ಬರೆಯಲಿ, ತಪ್ಪಿಲ್ಲ. ಅಕ್ಷರಾನುವಾದ ಗ್ರಾಂಥಿಕ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಇರಲಿ. ಮೈಸೂರಿನವರೂ ನಾಂದೇಡದವರೂ ನೋಡಲಿ. ಒಳಗಿನ ಪಾಠ ಮಾತ್ರ ಬದಲಾಗಬಾರದು. ಮೂರು ಸೆಕೆಂಡಿಗೊಮ್ಮೆ ಕಿರುಚಾಟ, ಹೆಂಡತಿಯನ್ನು ಹೀಗಳೆಯುವ ಹಳಸಲು ಜೋಕು, ಬೈಗುಳವನ್ನೇ ಹಾಸ್ಯವೆಂದು ಮಾರುವುದು, ನೋಡುಗ ಜಾರಿಹೋಗದಂತೆ ಬೇಕಾಬಿಟ್ಟಿ ಗದ್ದಲ, ಇವು ಒಳಗೆ ಬಂದರೆ ಫಲಕವೇ ಪಾಠವಾದಂತೆ. ಪಟ್ಟದ್ದೇವರು ಒಳಗೂ ಉರ್ದುವನ್ನೇ ಕಲಿಸಿದ್ದರೆ ಇಂದು ನೀವು ಈ ಬರಹ ಓದುತ್ತಿರಲಿಲ್ಲ.

ಸರಕಾರಕ್ಕೂ ಒಂದು ಮಾತು. ಅನಿಮೇಶನ್ ಕ್ಷೇತ್ರಕ್ಕೆಂದು ಕರ್ನಾಟಕ 2012ರಲ್ಲೇ ನೀತಿ ರೂಪಿಸಿತು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಇವುಗಳ ನೋಟವೆಲ್ಲ ಉದ್ಯೋಗ ಮತ್ತು ರಫ್ತಿನ ಮೇಲೆ. ಬಾಡಿಗೆ ಕೆಲಸದ ಅಪಾಯವೇನೆಂಬುದು 2025ರ ಫೆಬ್ರವರಿಯಲ್ಲಿ ಕಂಡಿತು. ಟೆಕ್ನಿಕಲರ್ ಎಂಬ ಅಂತರರಾಷ್ಟ್ರೀಯ ಸಮೂಹ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೋ ಮುಚ್ಚಿ ಸಾವಿರಾರು ನುರಿತ ಕೈಗಳು ಒಮ್ಮೆಗೇ ಬರಿದಾದವು. ಆ ಕೈಗಳು ಬರೆದ ಪಾತ್ರಗಳಲ್ಲಿ ಒಂದೂ ಅವರದಾಗಿರಲಿಲ್ಲ. ಜಿಲ್ಲೆಗೆ ಇಬ್ಬರಂತೆ, ಸ್ವಂತ ಪಾತ್ರ ಸೃಷ್ಟಿಸುವವರಿಗೆ ಒಂದು ವರ್ಷದ ಊಟದ ಖರ್ಚನ್ನು ಕೊಟ್ಟರೂ ಸಾಕು. ನಾಟಕಕ್ಕೆ, ಪುಸ್ತಕಕ್ಕೆ ಕೊಡುವ ನೆರವಿಗಿಂತ ಅದು ದೊಡ್ಡ ಹೊರೆಯಾಗಲಾರದು.

ಸರಕಾರ ಕೊಡುವವರೆಗೆ ಕಾಯಬೇಕಾಗಿಯೂ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4.37 ಕೋಟಿ, ಬೀದರ ಜಿಲ್ಲೆಯ ಜನಸಂಖ್ಯೆಯೇ 17 ಲಕ್ಷ. ಇಷ್ಟು ಜನರಲ್ಲಿ ಒಂದು ಸಾವಿರ ಮಂದಿ ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ಒಂದು ಲಕ್ಷವಾಗುತ್ತದೆ. ಇಬ್ಬರು ಚಿತ್ರಗಾರರು, ಒಬ್ಬ ಧ್ವನಿ ನೋಡಿಕೊಳ್ಳುವವನು ಹೊಟ್ಟೆ ತುಂಬಿಸಿಕೊಂಡು ಕೆಲಸ ಮಾಡಬಹುದು. ಪುಣೆಯಲ್ಲಿ, ಹೈದರಾಬಾದಿನಲ್ಲಿ, ದುಬೈಯಲ್ಲಿ ನಿಮ್ಮಂಥವರು ಎಷ್ಟು ಜನರಿಲ್ಲ?

ಹಣ ಕೊಡಲಾಗದವರು ಇನ್ನೂ ಬೆಲೆಯುಳ್ಳದ್ದನ್ನು ಕೊಡಬಹುದು. ಕಂತನ್ನು ಕೊನೆಯವರೆಗೆ ನೋಡಿರಿ. ಯಂತ್ರ ಎಣಿಸುವುದು ಅದನ್ನೇ. ಬರಿದೇ ಲಿಂಕ್ ದೂಡದೆ, 'ಇದರಲ್ಲಿ ನಮ್ಮ ದೊಡ್ಡಮ್ಮನ ಹಾಗೆ ಒಬ್ಬ ಅಜ್ಜಿ ಇದ್ದಾಳೆ' ಎಂದು ಒಂದು ಸಾಲು ಬರೆದು ಹತ್ತು ಜನರಿಗೆ ಕಳುಹಿಸಿರಿ. ನಿಮ್ಮಲ್ಲಿ ಶಿಕ್ಷಕರಾಗಿರುವವರು ಶಾಲೆಯ ಪ್ರೊಜೆಕ್ಟರಿನಲ್ಲಿ ಒಂದು ಶನಿವಾರ ತೋರಿಸಿರಿ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ, ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ಒಂದು ಬಿಳಿಯ ಪರದೆ ಕಟ್ಟಲು ಎಷ್ಟು ಖರ್ಚಾದೀತು? ಕಿಳ್ಳೇಕ್ಯಾತನಂತೆ ಈ ಹುಡುಗನೂ ಪರದೆಯ ಹಿಂದೆ ನಿಂತು ಎಲ್ಲಿ ನಗೆ ಬಂತು, ಎಲ್ಲಿ ಬರಲಿಲ್ಲ ಎಂದು ಕಿವಿಯಾರೆ ಕೇಳಲಿ. ಅದರಿಂದ ಅವನು ಕಲಿಯುವಷ್ಟನ್ನು ಯಾವ ಅಂಕಿಪಟ್ಟಿಯೂ ಕಲಿಸದು.

ಅವನಿಗೂ ಎರಡು ಮಾತು ಹೇಳಬೇಕಿದೆ. ಏಳು ಸಾವಿರ ಚಿತ್ರ ಬರೆಯುವ ಹಟ ಬೇಡ; ತೊಗಲುಗೊಂಬೆಯಂತೆ ಕೀಲು ಜೋಡಿಸಿದ ನಾಲ್ಕು ಗೊಂಬೆ ಸಾಕು. ನಮ್ಮ ನಗೆ ಇರುವುದು ಕಣ್ಣಿಗಿಂತ ಹೆಚ್ಚಾಗಿ ಕಿವಿಯಲ್ಲಿ, ಆದ್ದರಿಂದ ದನಿಗೆ ಹೆಚ್ಚು ದಿನ ಕೊಡು. ಮೊದಲ ವಾರದ ಎಣಿಕೆ ನೋಡಿ ಎದೆಗುಂದಬೇಡ. ಕನಿಷ್ಠ ಆರು ಕಂತು ಆಗುವವರೆಗೆ ಅಂಗಡಿಯ ಬಾಗಿಲು ತೆರೆದಿಟ್ಟುಕೊಂಡಿರು. ಗಿರಾಕಿಗೆ ಅಂಗಡಿಯ ಪರಿಚಯವಾಗಲು ಅಷ್ಟು ಸಮಯ ಬೇಕು.

ಮೊದಲ ಕಂತು ಸಿದ್ಧವಾದಾಗ ನಿಮಗೆಲ್ಲ ತಿಳಿಸುತ್ತೇನೆ. ಹಾಜರಿ ಪುಸ್ತಕದ ಹಳೆಯ ಅಭ್ಯಾಸದಂತೆ ಮೊದಲ ನೂರು ನೋಡುಗರ ಪಟ್ಟಿಯನ್ನು ಈಗಲೇ ಬರೆಯತೊಡಗಿದ್ದೇನೆ. ನಿಮ್ಮಲ್ಲಿ ಬಹಳ ಮಂದಿಯ ಹೆಸರು ಅದರಲ್ಲಿದೆ. ಗೈರುಹಾಜರಾದವರು ಕಾರಣ ತಿಳಿಸಬೇಕಾಗುತ್ತದೆ.